ಜಾನೆಲ್ ಪರೀಕ್ಷೆಗೆ ಕೂತಳು

ಬ್ರೂಕ್ಲಿನ್‌ನಲ್ಲಿ ಕಪ್ಪು ಜನರೇ ಹೆಚ್ಚಿರುವ ಬ್ರೌನ್ಸ್‌ವಿಲ್‌ನಲ್ಲಿ ಎಂಟನೇ ಕ್ಲಾಸಿನ ಮಕ್ಕಳಿದ್ದ ಮನೆಗಳಲ್ಲೆಲ್ಲ ಆ ವಾರ ಒಂದೇ ಮಾತು. ನಗರದ ದೊಡ್ಡ ಹೈಸ್ಕೂಲುಗಳ ಪ್ರವೇಶ ಪರೀಕ್ಷೆಗೆ ಹೆಸರು ಕೊಡಲು ಶುಕ್ರವಾರವೇ ಕೊನೆ. ಇವೆಟ್‌ಳ ಮಗಳು ಜಾನೆಲ್ ಲೆಕ್ಕದಲ್ಲಿ ಚುರುಕು. ಆದರೂ ಇವೆಟ್ ಒಪ್ಪಿರಲಿಲ್ಲ.

ಭಾನುವಾರ ಚರ್ಚ್ ಮುಗಿದ ಮೇಲೆ ಒಡೆಸ್ಸಾ ಬಂದರು. ನಿವೃತ್ತ ಟೀಚರು, ಶನಿವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಇವೆಟ್ ಅಡುಗೆಮನೆಯಲ್ಲಿ ಮಗಳ ಜಡೆ ಹೆಣೆಯುತ್ತಿದ್ದಳು.

“ಯಾಕಮ್ಮಾ, ಇನ್ನೂ ಹೆಸರು ಕೊಟ್ಟಿಲ್ಲ?”

“ಅವು ನಮ್ಮಂಥೋರ ಸ್ಕೂಲಲ್ಲ ಅಕ್ಕಾ. ನೋಡ್ಕೊಂಡು ಬರೋಣ ಅಂತ ಹೋಗಿದ್ದೆ. ಅಷ್ಟು ಮಕ್ಕಳಲ್ಲಿ ಒಂದು ಕಪ್ಪು ಮುಖಕ್ಕೆ ಹುಡುಕಾಡಿದೆ. ಸಿಕ್ಕಿದ್ದು ಬಾಗಿಲು ಕಾಯೋನದು.”

“ಅಂದ್ರೆ ನಮ್ಮ ಮಕ್ಕಳು ದಡ್ಡರು ಅಂತಲಾ?”

“ನನ್ನ ಮಗಳು ದಡ್ಡಿ ಅಲ್ಲ.” ಇವೆಟ್‌ಳ ಕೈ ಬಿಗಿಯಾಯಿತು.

“ಅಮ್ಮಾ, ಕೂದ್ಲು,” ಎಂದಳು ಜಾನೆಲ್.

ಇವೆಟ್ ಕೈ ಸಡಿಲಿಸಿದಳು. “ನಮ್ಮಣ್ಣ ಡೆರಿಕ್ ಅಂಥ ಸ್ಕೂಲಿಗೇ ಹೋಗಿದ್ದ. ಇಡೀ ಕ್ಲಾಸಿಗೆ ಅವನೊಬ್ಬನೇ ಕಪ್ಪು ಹುಡುಗ. ಊಟಕ್ಕೆ ಯಾರೂ ಪಕ್ಕ ಕೂರ್ತಿರಲಿಲ್ಲ. ಒಳ್ಳೇ ಮಾರ್ಕ್ಸ್ ಬಂದ್ರೆ, ಯಾರನ್ನ ನೋಡಿ ಬರೆದೆ ಅನ್ನೋರು. ಒಂದು ದಿನ ಬ್ಯಾಗ್ ಕೆಳಗಿಟ್ಟವನು ಮತ್ತೆ ಎತ್ತಲೇ ಇಲ್ಲ.”

ಒಡೆಸ್ಸಾ ಕುರ್ಚಿ ಎಳೆದು ಕೂತರು. “ಅದನ್ನ ಸುಳ್ಳು ಅನ್ನಲ್ಲಮ್ಮ. ಪರೀಕ್ಷೆ ಎಲ್ಲರಿಗೂ ಒಂದೇ, ತಯಾರಿ ಒಂದೇ ಅಲ್ಲ. ಬೇರೆ ಕಡೆ ಚಿಕ್ಕ ಕ್ಲಾಸಿಂದ್ಲೇ ಟ್ಯೂಷನ್ನು. ನಮ್ಮ ಸ್ಕೂಲಲ್ಲಿ ಆ ಪಾಠ ಶುರುವೇ ಆಗಿರಲ್ಲ. ಒಂದು ಪರೀಕ್ಷೆ ನಂಬ್ಕೊಂಡು ಸೀಟು ಕೊಡಬೇಡಿ, ವರ್ಷದ ಮಾರ್ಕ್ಸೂ ನೋಡಿ ಅಂತ ಕೆಲವರು. ಶಿಫಾರಸಿಲ್ಲದ ಬಡವರ ಮಕ್ಕಳಿಗೆ ಆ ಪರೀಕ್ಷೆಯೇ ದಾರಿ ಅಂತ ಇನ್ನು ಕೆಲವರು. ಆ ಜಗಳ ಮುಗಿಯೋ ಹೊತ್ತಿಗೆ ಇವಳು ಅಜ್ಜಿ ಆಗಿರ್ತಾಳೆ. ಕಟಾಫ್‌ಗೆ ಸ್ವಲ್ಪ ಕಮ್ಮಿ ಬಂದ ಬಡಮಕ್ಕಳಿಗೆ ಬೇಸಿಗೆ ತರಗತಿ ಇದೆ, ಅಲ್ಲಿ ಪಾಸಾದ್ರೆ ಸೀಟು. ಪರೀಕ್ಷೆಗೇ ಕೂರದಿದ್ರೆ ಅದೂ ಇಲ್ಲ.”

“ಡೆರಿಕ್ ಥರ ಇವಳೂ ಒಂಟಿಯಾದ್ರೆ?”

ಜಾನೆಲ್ ತಿರುಗಿ ಕೂತಳು. “ಮಾಮ ಅದನ್ನೆಲ್ಲ ಮನೇಲಿ ಹೇಳಿದ್ನಾ ಅಮ್ಮಾ?”

“ಇಲ್ಲ. ಸ್ಕೂಲು ಬಿಟ್ಟ ಮೇಲೇ ನಮಗೆ ಗೊತ್ತಾಗಿದ್ದು.”

“ನಾನು ಹೇಳ್ತೀನಿ. ದಿನಾ ಹೇಳ್ತೀನಿ. ನೀನು ಕೇಳು.”

ಇವೆಟ್ ಮರುದಿನವೇ ಹೆಸರು ಕೊಟ್ಟಳು. ಪರೀಕ್ಷೆಯವರೆಗೂ ಜಾನೆಲ್ ಲೈಬ್ರರಿಯ ಒಂದು ಶನಿವಾರದ ಪಾಠವನ್ನೂ ತಪ್ಪಿಸಲಿಲ್ಲ. ಆದರೂ ಕಟಾಫ್‌ಗೆ ಸ್ವಲ್ಪದರಲ್ಲಿ ಕಮ್ಮಿ ಬಂತು. ಇವೆಟ್ ಆ ದಿನ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು, ಯಾರೂ ಹೇಳದೆಯೇ, ಮಗಳ ಸ್ಕೂಲಿಗೆ ಹೋಗಿ ಬೇಸಿಗೆ ತರಗತಿ ಕೇಳಿದಳು. ಆ ಬೇಸಿಗೆಯೆಲ್ಲ ಜಾನೆಲ್ ಓದಿದಳು, ಪಾಸಾದಳು.

ಹೊಸ ಸ್ಕೂಲಿನ ಮೊದಲ ಸಂಜೆ ಅವಳು ಬೂಟು ಬಿಚ್ಚುತ್ತಲೇ ಹೇಳಿದಳು: “ನಿನಗೆ ಹೇಗೆ ಸೀಟು ಸಿಕ್ತು ಅಂತ ಒಬ್ಬ ಕೇಳಿದ.”

ಇವೆಟ್ ಒಲೆ ಆರಿಸಿ ಮಗಳ ಪಕ್ಕ ಕೂತಳು. “ನೀನೇನಂದೆ?”

“ಓದಿ, ಅಂದೆ.”

ಓದುವ ತಾಯಂದಿರೇ, ತಂದೆಯರೇ, ನಮ್ಮಂಥವರು ಅಲ್ಲಿಲ್ಲ ಎಂಬ ಕಾರಣಕ್ಕೆ ಮಗುವನ್ನು ಮನೆಯಲ್ಲೇ ತಡೆಯಬೇಡಿ. ಹೆಸರು ಕೊಡಿ. ಪುಕ್ಕಟೆ ಪಾಠ ಎಲ್ಲಿದೆ ಎಂದು ವಿಚಾರಿಸಿ. ನಿಮ್ಮ ಸ್ಕೂಲಿನಲ್ಲಿ ಇಲ್ಲದಿದ್ದರೆ ಯಾಕಿಲ್ಲ ಎಂದು ಪೋಷಕರ ಸಭೆಯಲ್ಲಿ ಎದ್ದು ಕೇಳಿ. ಸೀಟು ಸಿಕ್ಕ ಮೇಲೂ ಸಂಜೆ ಮಗುವಿನ ಪಕ್ಕ ಕೂತು, ಅದು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.