ನಾಲ್ಕು ಗಂಟೆಯ ಫೋನು

ಅರವತ್ತೆಂಟನೆಯ ವಯಸ್ಸಿನಲ್ಲಿ ನೀಲಮ್ಮನಿಗೆ ಸವತಿಯ ಕಾಟ ಶುರುವಾಯಿತು. ಸವತಿಯ ಹೆಸರು ಶೌಕತ್. ಪರದೇಶದ ಗ್ಲೆಂಡೇಲ್ ಹೈಟ್ಸ್ ಎಂಬ ಊರಿನಲ್ಲಿರುವ, ದಾವಣಗೆರೆ ಮೂಲದ, ಎಪ್ಪತ್ತು ದಾಟಿದ ಗಂಡಸು.

ನೀಲಮ್ಮನ ಗಂಡ ರಾಚಯ್ಯನಿಗೆ ಶ್ವಾಸಕೋಶದ ಕ್ಯಾನ್ಸರ್. ಗುಣವಾಗುವ ಮಾತು ಮುಗಿದಿತ್ತು. ಇನ್ನು ನೋವು ತಗ್ಗಿಸಿ ನೆಮ್ಮದಿಯಾಗಿಡುವ ಪ್ಯಾಲಿಯೇಟಿವ್ ಕೇರ್ ಅಷ್ಟೇ. ವಾರೆನ್ ಊರಿನ ಇವರ ಮನೆಗೆ ಬರುವ ನರ್ಸ್ ಒಂದು ಪುಸ್ತಕ ಕೊಟ್ಟಿದ್ದಳು, ರೋಗಿ ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳಲಿ ಎಂದು. ಅದರ ಮೊದಲ ಪಾಠ: ದಿನಕ್ಕೊಂದು ಭಯವನ್ನು ನಂಬಿಕೆಯ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ರಾಚಯ್ಯ ಆರಿಸಿಕೊಂಡದ್ದು ಶೌಕತ್‌ನನ್ನು. ಹೃದಯದ ಕಾಯಿಲೆಯಿಂದ ಅದೇ ಪುಸ್ತಕ ಹಿಡಿದು ಮಲಗಿದ್ದ ಅವನು ರೋಗಿಗಳ ಆನ್‌ಲೈನ್ ಗುಂಪಿನಲ್ಲಿ ಸಿಕ್ಕಿ ಮೂರು ತಿಂಗಳಾಗಿತ್ತು.

ನಲವತ್ತಾರು ವರ್ಷ ಸಂಸಾರ ಮಾಡಿದವಳನ್ನು ಬಿಟ್ಟು ಮೂರು ತಿಂಗಳವನು ನಂಬಿಕೆಯವನಾದನೆ? ದಿನಾ ನಾಲ್ಕಕ್ಕೆ ಫೋನು, ಬಾಗಿಲು ಹಾಕಿಕೊಂಡು ಮಾತು. ಒಳಗೆ ಅಳುವುದೂ ಕೇಳಿಸುತ್ತಿತ್ತು, ಆಮೇಲೆ ನಗುವುದೂ. ಆ ನಗುವಿಗೆ ನೀಲಮ್ಮನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅವಳು ಕೇಳಿದರೆ ಮಾತ್ರ ಒಂದೇ ಉತ್ತರ: "ಆರಾಮ ಅದೀನಿ." ಮೈ ಒರೆಸಲು ಹೆಂಡತಿ, ಗಂಜಿ ಕುಡಿಸಲು ಹೆಂಡತಿ, ಮನಸ್ಸು ಬಿಚ್ಚಲು ಅವನು! ಒಂದು ದಿನ ಬೇಕೆಂದೇ ಗಂಜಿಗೆ ಉಪ್ಪು ಹಾಕಲಿಲ್ಲ. ರಾಚಯ್ಯ ಅದನ್ನೂ ಸುಮ್ಮನೆ ಕುಡಿದ.

ಒಂದು ಬುಧವಾರ ಅವನಿಗೆ ಜೊಂಪು ಹತ್ತಿದ್ದಾಗ ಫೋನು ಬಂತು. ಎತ್ತಿದವಳೇ ನೀಲಮ್ಮ ತರಾಟೆಗೆ ತೆಗೆದುಕೊಂಡಳು. "ಅಣ್ಣಾರ, ನಮ್ಮ ಮನಿಯವ್ರಿಗೆ ಏನ್ ಮಾಟಾ ಮಾಡೀರಿ? ನನಗ ಹೇಳಲಾರದ್ದು ನಿಮಗೇನ್ ಹೇಳ್ತಾರ?"

ಆ ಕಡೆ ಕೆಮ್ಮು, ಆಮೇಲೆ ಮೆಲ್ಲನೆಯ ದನಿ. "ನಾನೇನೂ ಮಾಡಲ್ಲಮ್ಮ. ಅವ್ರು ಹೇಳ್ತಾರೆ, ನಾನು 'ಹೂಂ' ಅಂತೀನಿ. ನಿಮಗೇ ಹೇಳೋಕೆ ಬಹಳ ಸಲ ಟ್ರೈ ಮಾಡಿದ್ರಂತೆ. ಸಾವು ಅಂತ ಬಾಯಿ ತೆಗೆದ್ರೆ ನೀವು 'ಬಿಡ್ತು ಅನ್ರಿ' ಅಂತೀರಂತೆ. ಅನ್ನೋವರೆಗೂ ಸುಮ್ನಿರಲ್ವಂತೆ."

ನೀಲಮ್ಮ ಫೋನು ಇಟ್ಟಳು. ಹೌದಲ್ಲ! ಅಶುಭ ಆಡಿದ ಬಾಯಿ ಕೂಡಲೇ 'ಬಿಡ್ತು' ಅನ್ನದಿದ್ದರೆ ಆಡಿದ್ದು ಆಗಿಯೇ ಬಿಡುತ್ತದೆಂದು ಅವ್ವ ಕಲಿಸಿದ್ದಳು. ಗಂಡನನ್ನು ಉಳಿಸಿಕೊಳ್ಳುತ್ತಿದ್ದೇನೆಂದು ತಿಳಿದು ಅವನ ಬಾಯಿಗೆ ತಾನೇ ಬೀಗ ಜಡಿದಿದ್ದಳು. ನಾಚಿಕೆಯಾಯಿತು. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ.

ಮರುದಿನ ಮೂರೂವರೆಗೇ ಹಾಸಿಗೆಯ ಪಕ್ಕಕ್ಕೆ ಕುರ್ಚಿ ಎಳೆದು, ಪುಸ್ತಕವನ್ನು ಅವನ ಕೈಗಿಟ್ಟಳು. "ಇವತ್ತಿನ ಪಾಠ ನನಗ ಹೇಳ್ರಿ."

ರಾಚಯ್ಯ ಪುಸ್ತಕ ಮಡಚಿಟ್ಟ. "ನೀಲಾ, ನಾ ಸಾಯೂದಕ್ಕ ಅಂಜಂಗಿಲ್ಲ. ಉಸಿರು ಸಿಗಲಾರದ ಸಾಯೂದಂದ್ರ..." ಅಷ್ಟರಲ್ಲಿ ರೂಢಿಯಂತೆ ತಾನೇ ತಡೆದುಕೊಂಡ. "ಬಿಡ್ತು, ಬಿಡ್ತು."

ಅವಳ ನಾಲಗೆಯ ತುದಿಗೂ ಅದೇ ಬಂದಿತ್ತು. ಕಷ್ಟಪಟ್ಟು ನುಂಗಿದಳು. "ಹೂಂ. ಮುಂದ ಹೇಳ್ರಿ."

ಅವನು ಹೇಳಿದ. ಆ ಗಳಿಗೆ ಬಂದಾಗ ಮಗಳು ಧೃತಿ ಗಾಬರಿಯಾಗಿ ಆಂಬುಲೆನ್ಸ್ ಕರೆಸುವುದು ಬೇಡ. ನರ್ಸಿಗೆ ಫೋನ್ ಮಾಡಿ, ಕಿಟಕಿ ತೆರೆದು, ನೀಲಮ್ಮನೇ ಬೆನ್ನು ಸವರುತ್ತ ಕೂತಿರಬೇಕು. ಅವಳು ಕಣ್ಣೀರು ಒರೆಸಿಕೊಳ್ಳದೆ ಎಲ್ಲಕ್ಕೂ ಹೂಂಗುಟ್ಟಿದಳು.

ನಾಲ್ಕಕ್ಕೆ ಫೋನು ಹೊಡೆದುಕೊಂಡಿತು. ರಾಚಯ್ಯ ಕೈ ಚಾಚುವ ಮೊದಲೇ ಅವಳು ಎತ್ತಿದಳು. "ಅಣ್ಣಾರ, ಇವತ್ತ ಅವ್ರು ನನ್ನ ಕೂಡ ಮಾತಾಡಾಕತ್ತಾರ. ನಾಳೆ ಮಾಡ್ರಿ." ಇಡುವ ಮೊದಲು ಮತ್ತೆ ಹೇಳಿದಳು, "ನಾಳೇನೂ ಸ್ವಲ್ಪ ತಡಾ ಮಾಡೇ ಮಾಡ್ರಿ."