ಬತ್ತಿ ತಗ್ಗಿಸಿದ ಊರು

ಒಂದಾನೊಂದು ಮೈಯಿತ್ತಂತೆ. ಆ ಮೈಯೊಳಗೊಂದು ಊರು. ಅಲ್ಲಿನ ಬೀದಿಗಳೆಲ್ಲ ಕೆಂಪು ನದಿಗಳು. ಬಿಳಿಯ ಕಾವಲುಗಾರರು ಕೈಯಲ್ಲೊಂದು ದೀಪ ಹಿಡಿದು ಆ ನದಿಗಳಲ್ಲಿ ತೇಲುತ್ತಿದ್ದರಂತೆ. ಕಳ್ಳ ಕಂಡೊಡನೆ ಒಬ್ಬ ದೀಪ ಹಚ್ಚುತ್ತಾನೆ, ಅದನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಇನ್ನೊಬ್ಬ...

ಅಜ್ಜಿಗೆ ಜ್ವರ ಬಂದ ಮೊದಲ ದಿನ ನಾನು ಹೇಳಿದ ಕಥೆ ಇಷ್ಟೇ. ಅಷ್ಟರಲ್ಲಿ ಕೆಲಸಕ್ಕೆ ಹೊತ್ತಾಯಿತು. "ಉಳಿದದ್ದು ಬಂದು ಹೇಳ್ತೀನಿ, ಮಾತು ಕೊಟ್ಟೆ," ಎಂದು ಚಪ್ಪಲಿ ಮೆಟ್ಟಿದೆ. ಕಥೆ ಅಲ್ಲೇ ಉಳಿಯಿತು. ಅದೇ ಜ್ವರ ಚಿಕ್ಕಪ್ಪನಿಗೂ ಬಂದು ಹೇಳದೆ ಕೇಳದೆ ಹೋಯಿತು; ಅಜ್ಜಿ ಮಾತ್ರ ಆಸ್ಪತ್ರೆ ಸೇರಿದಳು.

ಈಗ ಅವಳು ಕಿಟಕಿಯ ಪಕ್ಕದ ಮಂಚದಲ್ಲಿ, ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು, ತುಟಿ ಬಿಗಿದು ಕೂತಿದ್ದಳು. ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಹೊದಿಕೆಯ ಮೇಲೆ ನೀರಿನಂತೆ ಅಲುಗುತ್ತಿತ್ತು.

"ಬೆಳಿಗ್ಗೆಯಿಂದ ಮಾತ್ರೆ ನುಂಗ್ತಿಲ್ಲ ನೋಡಮ್ಮ," ಎಂದರು ನರ್ಸ್. "ಸೂಜಿ ಅಂದ್ರೆ ಕೈ ಒದರ್ತಾರೆ. ಆಕ್ಸಿಜನ್ ಇಳೀತಾನೇ ಇದೆ. ಇದನ್ನ ತಪ್ಪಿಸಲೇಬಾರದು ಅಂದಿದ್ದಾರೆ ಡಾಕ್ಟ್ರು."

"ಅದೇನು ಮಾತ್ರೆ ಅಂತ ಕೇಳೇ," ಅಜ್ಜಿ ನನ್ನತ್ತ ತಿರುಗಿದಳು. "ನನ್ನ ಕಾವಲುಗಾರರನ್ನ ಸುಮ್ಮನಾಗಿಸೋ ಮಾತ್ರೆಯಂತೆ. ಕಳ್ಳ ಒಳಗಿರುವಾಗ ಯಾರಾದ್ರೂ ದೀಪ ಆರಿಸ್ತಾರಾ?"

ನಾನು ಹೇಳಿದ ಅರ್ಧ ಕಥೆಯನ್ನೇ ನಂಬಿ ಅವಳು ಬಾಯಿ ಮುಚ್ಚಿದ್ದಳು.

ಚಿಕ್ಕಂದಿನಲ್ಲಿ ನಾನು ಊಟಕ್ಕೆ ಹಟ ಹಿಡಿದರೆ ಅಜ್ಜಿ ಕಥೆಯ ಒಂದು ಮಾತಿಗೆ ಒಂದು ತುತ್ತು ಇಡುತ್ತಿದ್ದಳು. ಕಥೆ ನಿಂತರೆ ನನ್ನ ಬಾಯಿಯೂ ಮುಚ್ಚುತ್ತಿತ್ತು. ಈಗ ಅವಳ ಸರದಿ.

"ಮೊದಲು ಕಥೆ ಮುಗಿಸು. ಆಮೇಲೆ ನೋಡೋಣ."

ಸ್ಟೂಲು ಎಳೆದುಕೊಂಡೆ. ನನ್ನ ಕೆಲಸ ರಕ್ತದ ಪ್ರಯೋಗಾಲಯದಲ್ಲಿ. ಬಿಳಿ ರಕ್ತಕಣಗಳಿಗೆ ಬಣ್ಣ ಹತ್ತಿಸಿ, ಒಂದೊಂದಾಗಿ ಬೆಳಕಿನ ಎದುರು ಹಾಯಿಸುತ್ತೇವೆ. ರೋಗಾಣು ಬಂತೆಂಬ ಸಂದೇಶ ಒಳಗೆ ಹರಿಯುತ್ತಿರುವ ಕಣ ಮಿನುಗುತ್ತದೆ. ಆ ಚುಕ್ಕೆಗಳನ್ನು ನೋಡುತ್ತ ಕೂತರೆ ನಕ್ಷತ್ರಗಳ ನಡುವೆ ದೋಣಿ ನಡೆಸಿದಂತಾಗುತ್ತದೆ ನನಗೆ.

"ಚಿಕ್ಕಪ್ಪನ ಮೈಯೊಳಗಿನ ಊರಲ್ಲಿ ಕಳ್ಳ ಗೋಡೆ ಹಾರಿದ ಕೂಡಲೇ ದೀಪ ಹತ್ತಿತು," ಎಂದೆ. "ಎಲ್ಲರೂ ಎದ್ರು, ಹಿಡಿದ್ರು, ದೀಪ ಆರಿಸಿ ಮಲಗಿದ್ರು."

"ಅವನೋ, ಹುಟ್ಟು ಪುಕ್ಕಲ. ಇಲಿ ಓಡಿದ್ರೂ ಎದ್ದು ಕೂರ್ತಾನೆ."

ನರ್ಸ್ ಕಿಸಕ್ಕೆಂದರು.

"ನಿನ್ನ ಊರಲ್ಲಿ ಮೊದಲ ದೀಪ ಹತ್ತೋದೇ ತಡವಾಯ್ತು."

"ವಯಸ್ಸಾದ ಕಾವಲುಗಾರರು ಕಣೇ. ಕಣ್ಣು ಮಂಜು."

"ಅಷ್ಟರಲ್ಲಿ ಓಣಿ ಓಣಿಯಲ್ಲೂ ಕಳ್ಳರು. ಗಾಬರಿಯಾಗಿ ಎಲ್ಲರೂ ಒಟ್ಟಿಗೇ ಹಚ್ಚಿದ್ರು. ಹಚ್ಚಿದವರಿಗೆ ಆರಿಸೋದೇ ಮರೆತುಹೋಯ್ತು. ಊರೆಲ್ಲ ಧಗಧಗ, ಹೊಗೆ. ಅದರ ಮಧ್ಯೆ ಒಬ್ಬ 'ಇಲ್ಲಿ ಬನ್ನಿ' ಅಂತ ಹೊಸ ದೀಪ ಎತ್ತಿದ್ರೆ ಯಾರಿಗೆ ಕಾಣ್ಬೇಕು?"

ಇದನ್ನು ನಾನು ಸುಮ್ಮನೆ ಕಟ್ಟಿದ್ದಲ್ಲ. ಜ್ವರ ಹಗುರವಾಗಿದ್ದವರ ಕಣಗಳನ್ನು ಪ್ರಯೋಗಾಲಯದಲ್ಲಿ ದ್ರಾವಣ ಬೆರೆಸಿ ತಟ್ಟಿ ಎಬ್ಬಿಸಿದರೆ ಥಟ್ಟನೆ ಮಿನುಗುತ್ತವೆ. ಜ್ವರ ಬಿಗಡಾಯಿಸಿದವರ ಎಷ್ಟೋ ಕಣಗಳು ಮೊದಲೇ ಉರಿಯುತ್ತಿರುತ್ತವೆ; ತಟ್ಟಿದರೆ ಓಗೊಡುವುದಿಲ್ಲ.

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇಲ್ಲಿ ತುಂಬಿರೋದು ಆ ಹೊಗೆಯೇನೇ?"

"ಹೂಂ. ಈಗ ಕಳ್ಳನಿಗಿಂತ ಹೆಚ್ಚಾಗಿ ಮನೆ ಸುಡ್ತಿರೋದು ನಿನ್ನ ದೀಪಗಳೇ. ಈ ಮಾತ್ರೆ ಅವನ್ನ ಆರಿಸಲ್ಲ ಅಜ್ಜಿ, ಬತ್ತಿ ತಗ್ಗಿಸುತ್ತೆ."

"ತಗ್ಗಿಸಿದಾಗ ಕಳ್ಳ ಮತ್ತೆ ತಲೆ ಎತ್ತಿದ್ರೆ?"

"ಆ ಭಯ ಡಾಕ್ಟ್ರಿಗೂ ಇದೆ. ಅದಕ್ಕೇ ಸ್ವಲ್ಪ ದಿನ ಮಾತ್ರ ಕೊಡ್ತಾರೆ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಾರೆ."

ಅಜ್ಜಿ ಹೊದಿಕೆಯ ಮೇಲಿನ ಬಿಸಿಲನ್ನು ಬೆರಳಿಂದ ಸವರಿದಳು. "ಸರಿ, ಬತ್ತಿ ತಗ್ಗಿಸೋಕೆ ಯಾರು ಹೋದ್ರು?"

ಮಾತ್ರೆಯನ್ನು ಬೆಳಕಿಗೆ ಹಿಡಿದೆ. "ಒಬ್ಬಳು ಮುದುಕಿ. ಗುಂಡಗೆ, ಬೆಳ್ಳಗೆ, ಇಷ್ಟೇ ಇಷ್ಟು. ಊರ ಬಾಗಿಲಲ್ಲಿ ಬೆಳಿಗ್ಗೆಯಿಂದ ನಿಂತಿದ್ದಾಳೆ. ಒಳಗಿನವರು ಅಗುಳಿ ಹಾಕ್ಕೊಂಡಿದ್ದಾರೆ."

"ಯಾರೋ ಹಟಮಾರಿಗಳು," ಅಜ್ಜಿ ನಕ್ಕಳು, ಕೆಮ್ಮಿದಳು, ಬಾಯಿ ತೆರೆದಳು.

ಮಾತ್ರೆ ಇಟ್ಟು ನೀರು ಹಿಡಿದೆ. ಅವಳ ಗಂಟಲು ಒಮ್ಮೆ ಮೇಲೇರಿ ಇಳಿಯಿತು.

"ಮುದುಕಿ ಒಳಗೆ ಹೋದ್ಲು. ಮೊದಲ ಬತ್ತಿ ತಗ್ಗಿಸಿದ್ಲು. ಅದನ್ನ ನೋಡಿ ಪಕ್ಕದವನು, ಅವನನ್ನ ನೋಡಿ ಇನ್ನೊಬ್ಬ..."

"ಆಮೇಲೆ?"

"ಹೊಗೆ ಕರಗೋಕೆ ಶುರುವಾಯ್ತು. ಇಷ್ಟೇ ಅಜ್ಜಿ, ನಿನ್ನ ಕಥೆ ಮುಗೀತು."