ಸೋತವಳ ಕುರ್ಚಿ

ಸೋತವರು ಅದೇ ಅಂಗಣದ ಮುಂದಿನ ಆಟಕ್ಕೆ ಗೆರೆ ಕಾಯಬೇಕು, ಶಟಲ್ ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳಬೇಕು. ತೊಯಾಮಾದ ಬ್ಯಾಡ್ಮಿಂಟನ್‌ನಲ್ಲಿ ಶಾಲಾ ಮಕ್ಕಳಿಂದ ಹಿಡಿದು ಬ್ಯಾಂಕಿನ ತಂಡದವರೆಗೆ ಇದೇ ಪದ್ಧತಿ. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ಗೆದ್ದವಳಿಗೆ ತಲೆಬಾಗಿ, ಮೂಲೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಗಾಯದ ಮೇಲೆ ಉಪ್ಪು ಸವರುವ ಈ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಹುಟ್ಟುಹಾಕಿದನೋ!

ಕುವಾಬಾರಾ ತೊಮೊಎ ಕೂತಳು. ಮೂವತ್ತು ದಾಟಿದವಳು. ಬೆಳಿಗ್ಗೆ ಬ್ಯಾಂಕಿನ ಕೌಂಟರಿನಲ್ಲಿ "ಕಾಯಿಸಿದ್ದಕ್ಕೆ ಕ್ಷಮಿಸಿ" ಎನ್ನುತ್ತ, ಮಧ್ಯಾಹ್ನದಿಂದ ಬ್ಯಾಂಕಿನ ತಂಡಕ್ಕಾಗಿ ಶಟಲ್ ಹೊಡೆಯುತ್ತ ಸವೆದಿದ್ದಳು. ಒಂದು ಕಾಲಕ್ಕೆ ದೇಶದ ಬಾವುಟ ಎದೆಯ ಮೇಲೆ ಹೊತ್ತು ಡೆನ್ಮಾರ್ಕಿಗೂ ಹೋಗಿಬಂದಿದ್ದಳು. ಈಗ ಎರಡೂ ಮಂಡಿಗೆ ಪಟ್ಟಿ. ಅವಳು ಮೆಟ್ಟಿಲು ಇಳಿಯುವಾಗ ಅಜ್ಜಿಯರೇ ಪಾಪ ಎಂದು ದಾರಿ ಬಿಡುತ್ತಾರೆ.

ಈಗಷ್ಟೇ ಕ್ವಾರ್ಟರ್ ಫೈನಲ್ ಸೋತಿದ್ದಳು. ಮುಂದಿನ ಕ್ವಾರ್ಟರ್ ಫೈನಲ್ ಅವಳದೇ ತಂಡದ ಕಿರಿಯಳಾದ ಯುಮೆನೊಳದು. ತಮ್ಮ ತಂಡದವಳಿಗೇ ಗೆರೆ ಕಾಯಬಹುದೇ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಅವಳನ್ನು ನಂಬಲಿಲ್ಲ ಎಂದಂತಾಗುತ್ತದೆ.

ಕೋಚ್ ಓಹಾಶಿ ಬೆಳಿಗ್ಗೆಯೇ ಹೇಳಿದ್ದರು: "ಬರೋ ವರ್ಷ ಸಿಂಗಲ್ಸ್‌ಗೆ ಒಂದೇ ಜಾಗ. ನಿಮ್ಮಿಬ್ಬರಲ್ಲಿ ಯಾರು ಮುಂದೆ ಹೋಗ್ತೀರೋ ಅವರಿಗೆ. ಸಮಸಮ ಆದ್ರೆ ಕುವಾಬಾರಾ, ನೀನೇ ಇರು. ಹಿರಿಯಳಲ್ವಾ." ಯುಮೆನೊ ಇಲ್ಲೇ ಸೋತರೆ ತೊಮೊಎ ಉಳಿದಳು. ಗೆದ್ದರೆ ಇನ್ನು ಇಡೀ ದಿನ ಕೌಂಟರೇ ಗತಿ.

ಮೂರನೇ ಗೇಮು. ಯುಮೆನೊ ಹತ್ತೊಂಬತ್ತು, ಎದುರಿನ ಹುಡುಗಿ ಇಪ್ಪತ್ತು; ಇನ್ನೊಂದು ಅಂಕ ಸಿಕ್ಕರೆ ಆ ಹುಡುಗಿ ಗೆದ್ದಳು. ಯುಮೆನೊ ಹಿಂದಿನ ಗೆರೆಯ ಮೂಲೆಗೆ ಎತ್ತಿ ಹೊಡೆದಳು. ಎದುರಿನ ಹುಡುಗಿ ಮುಟ್ಟದೆ ಬಿಟ್ಟಳು. ಶಟಲ್ ತೊಮೊಎಯ ಕಾಲ ಬಳಿಯೇ ಬಿತ್ತು, ಗೆರೆಯಿಂದ ಒಂದು ಬೆರಳು ಆಚೆ. ಅವಳು ಕಣ್ಣಾರೆ ನೋಡಿದಳು.

ಎರಡೂ ಕೈ ಅಗಲಿಸಿದರೆ ಔಟ್. ಕೈಗಳು ಎದ್ದವು. ಅಷ್ಟರಲ್ಲಿ ಮೇಲೆ ಗ್ಯಾಲರಿಯಲ್ಲಿ ಕೂತ ಬ್ಯಾಂಕಿನವರು ಕಣ್ಣಿಗೆ ಬಿದ್ದರು. ಜಾಗಕ್ಕಾಗಿ ಕಿರಿಯಳನ್ನು ಮುಳುಗಿಸಿದಳು ಎಂದು ಅವರಲ್ಲಿ ಯಾರೂ ಬಾಯಿಬಿಟ್ಟು ಅನ್ನುವವರಲ್ಲ. ನಾಳೆಯಿಂದ ಚಹಾವನ್ನು ಇನ್ನಷ್ಟು ಮರ್ಯಾದೆಯಿಂದ ಕೊಡುತ್ತಾರೆ, ಅಷ್ಟೇ. ಅದನ್ನು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟ.

ಎದ್ದ ಕೈಗಳು ಕಣ್ಣು ಮುಚ್ಚಿದವು. ನನಗೆ ಕಾಣಲಿಲ್ಲ ಎನ್ನುವುದಕ್ಕೆ ಗೆರೆ ಕಾಯುವವರ ಸನ್ನೆ ಅದು.

ಅಂಗೈಗಳ ಒಳಗೆ ಕತ್ತಲೆ, ತಂಪು. ಅಬ್ಬಾ, ಓಡು ಎನ್ನುವವರು ಯಾರೂ ಇಲ್ಲ! "ಕೈ ತೆಗೀರಿ, ಸಾಕು," ಎಂದು ಅಂಪೈರೇ ಹೇಳಬೇಕಾಯಿತು. ಅಂಪೈರಿಗೂ ಸರಿಯಾಗಿ ಕಂಡಿರಲಿಲ್ಲ. ಆ ಅಂಕವನ್ನು ಮತ್ತೆ ಆಡಿಸಿದರು. ಯುಮೆನೊ ಸಾಲಾಗಿ ಮೂರು ಅಂಕ ಹೊಡೆದು ಗೆದ್ದಳು.

ತೊಮೊಎ ಬಾಗಿಲ ಹೊರಗಿನ ಬೆಂಚಿನಲ್ಲಿ ಅನ್ನದ ಉಂಡೆ ಬಿಚ್ಚಿದಾಗ ಯುಮೆನೊ ಬಂದು ಸೊಂಟ ಬಗ್ಗಿಸಿ ನಿಂತಳು. ತಲೆ ಎತ್ತಲೇ ಇಲ್ಲ.

"ಸೆಂಪೈ," ಎಂದು ಹಿರಿಯಳನ್ನು ಕರೆದಳು. "ಅದು ಔಟ್. ಹೊಡೆದ ತಕ್ಷಣ ನಂಗೇ ಗೊತ್ತಾಯ್ತು."

"ಹೂಂ."

"ಮತ್ತೆ ಕಾಣಲಿಲ್ಲ ಅಂದ್ರಲ್ಲ! ನನ್ ಮೇಲೆ ಕನಿಕರಾನಾ?"

"ನಿನ್ ಮೇಲೆ ಯಾರಿಗೇ ಕನಿಕರ? ನನ್ ಮಂಡಿ ಮೇಲೆ ಕನಿಕರ." ತೊಮೊಎ ನಗಲು ನೋಡಿದಳು, ಆಗಲಿಲ್ಲ. "ಔಟ್ ಅನ್ನೋಕೆ ನಾಚಿಕೆ ಆಯ್ತು. ಕಣ್ಣು ಮುಚ್ಚಿದ್ಮೇಲೆ ಎಷ್ಟು ಹಾಯಾಗಿತ್ತು ಗೊತ್ತಾ? ಸಾಕಾಗಿದೆ ಕಣೆ ನಂಗೆ. ನೀನಾದ್ರೂ ಆಡು."

"ನಾನು ಆಡ್ತೀನಿ. ಅವರು?"

ಯುಮೆನೊ ಬಾಗಿಲ ಕಡೆ ನೋಡಿದಳು. ಒಳಗೆ ಮುಂದಿನ ಆಟ ಶುರುವಾಗಿತ್ತು. ಮೂಲೆಯ ಕುರ್ಚಿಯಲ್ಲಿ ಎದುರಾಳಿ ಹುಡುಗಿ ಕೂತಿದ್ದಳು, ಬೆನ್ನು ನೆಟ್ಟಗೆ, ಕಣ್ಣು ಕೆಂಪಗೆ, ಗೆರೆಯನ್ನೇ ನೋಡುತ್ತ. ಇಷ್ಟು ಹೊತ್ತೂ ತೊಮೊಎಗೆ ಆ ಹುಡುಗಿಯ ನೆನಪೇ ಬಂದಿರಲಿಲ್ಲ.